ಮನೆಮನೆ ತಿರುಗಿದ ಹಾಜರಿ ಪುಸ್ತಕ

ನಿರ್ಮಲಾ ಬೆಳಿಗ್ಗೆ ದೀಪ ಹಚ್ಚಿ ಕೈಮುಗಿದ ಮೇಲೆ ಮೊದಲು ತೆಗೆಯುವುದು ಅವಳ ನೋಟ್‌ಪುಸ್ತಕ. ಹಿಂದಿನ ದಿನ ಯಾರೋ ಆಡಿದ ಒಂದು ಮಾತನ್ನು, ಅವರ ಬಾಯಿಂದ ಬಂದ ಹಾಗೇ, ಒಂದಕ್ಷರವನ್ನೂ ತಿದ್ದದೆ ಅದರಲ್ಲಿ ಬರೆಯುತ್ತಾಳೆ. ಬಸ್ಸು ತಪ್ಪಿದರೂ ಇದು ತಪ್ಪುವುದಿಲ್ಲ. ಏಳು ವರ್ಷದಲ್ಲಿ ಹನ್ನೊಂದು ಪುಸ್ತಕ ತುಂಬಿವೆ.

ಅವಳು ಚಳ್ಳಕೆರೆಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಗ್ರಾಮಸಭೆಗಳಲ್ಲಿ ಹೆಂಗಸರು ಎಂಬುದು ಅವಳ ಪಿಎಚ್.ಡಿ. ವಿಷಯ. ಮೊಳಕಾಲ್ಮೂರು ತಾಲ್ಲೂಕಿನ ಮೂರು ಪಂಚಾಯಿತಿಗಳ ಹಾಜರಿ ಪುಸ್ತಕ ತೆಗೆಸಿ ಸಹಿಗಳನ್ನು ಎಣಿಸಿದ್ದಳು. ಅರ್ಧಕ್ಕಿಂತ ಹೆಚ್ಚು ಹೆಂಗಸರವೇ. ಆ ಎಣಿಕೆಯ ಮೇಲೆ ಇಡೀ ಪ್ರಬಂಧ ನಿಂತಿತ್ತು. ಸೆಪ್ಟೆಂಬರ್ ಕೊನೆಯೊಳಗೆ ಸಲ್ಲಿಸದಿದ್ದರೆ ನೋಂದಣಿ ರದ್ದು. ಕೇಳಬಹುದಾದ ಗಡುವನ್ನೆಲ್ಲ ಕೇಳಿ ಮುಗಿಸಿದ್ದಳು.

ಜುಲೈನಲ್ಲಿ ಒಂದು ಹಟ್ಟಿಗೆ ಹೋದಾಗ, ಆ ಸಹಿಗಳಲ್ಲಿ ಒಂದು ಯಾರದೋ ಆ ನಿಂಗಕ್ಕ ಅಂಗಳದಲ್ಲಿ ಕೂತು ಬಿತ್ತನೆಗೆ ಶೇಂಗಾ ಸುಲಿಯುತ್ತಿದ್ದಳು. ನಿರ್ಮಲಾ ತಾನೂ ಒಂದು ಹಿಡಿ ತೆಗೆದುಕೊಂಡು ಸುಲಿಯುತ್ತ ಕೇಳಿದಳು.

"ನಿಂಗಕ್ಕ, ಹೋದ ವರ್ಷ ಗ್ರಾಮಸಭೆಗೆ ಬಂದಿದ್ರಲ್ಲ, ಏನು ಮಾತಾಡಿದ್ರಿ?"

"ನಾನೆಲ್ಲಿ ಬಂದಿದ್ದೆ ತಾಯಿ?"

"ನಿಮ್ಮ ಸಹಿ ಐತೆ."

"ಇರ್ತೈತೆ ಬಿಡು, ನಾನೇ ಮಾಡೀನಿ. ಪುಸ್ತಕ ಮನೆಗೇ ಬಂದಿತ್ತು. ನಾನು ಸಭೆಗೆ ಹೋಗಿದ್ರೆ ಮುದ್ದೆ ಯಾರು ತಿರುವ್ತಿದ್ರು, ನಿನ್ನ ಪುಸ್ತಕಾನಾ?"

ನಿಂಗಕ್ಕ ತನ್ನ ಮಾತಿಗೆ ತಾನೇ ನಕ್ಕಳು. ನಿರ್ಮಲಾಳ ಬೆರಳುಗಳು ನಿಂತುಬಿಟ್ಟವು. ಅವಳ ತವರಿಗೂ ಆ ಪುಸ್ತಕ ಬರುತ್ತಿತ್ತು. ಅವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೊಸ್ತಿಲಲ್ಲೇ ಸಹಿ ಹಾಕುತ್ತಿದ್ದಳು. ಪುಸ್ತಕ ತಂದವನಿಗೆ ನೀರು ಕೊಡುತ್ತಿದ್ದವಳು ನಿರ್ಮಲಾಳೇ. ಇಷ್ಟು ಗೊತ್ತಿದ್ದವಳು ಏಳು ವರ್ಷ ಕೂತು ಅಂಥವೇ ಸಹಿಗಳನ್ನು ಎಣಿಸಿದ್ದಳು.

ವಾಪಸು ಬರುವಾಗ, ಬಸ್ಸು ಬಿ.ಜಿ. ಕೆರೆ ಊರು ದಾಟುವಷ್ಟರಲ್ಲಿ ಎರಡು ಸಲ ಸೀಟು ಬದಲಿಸಿದಳು. ಮನೆಗೆ ಬಂದು, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು. ಮೂರು ದಿನ ಕಳೆದ ಮೇಲೆ ಮಾರ್ಗದರ್ಶಕರಿಗೆ ಫೋನು ಮಾಡಿ ಎಲ್ಲ ಹೇಳಿದಳು.

"ನೋಡಮ್ಮ," ಎಂದರು ಅವರು, "ಅವರೆಲ್ಲ ಸಭೆಗೆ ಬಂದಿದ್ದು ನಿಜ ಅಂತ ಪಂಚಾಯಿತಿಯವರು ಬರೆದುಕೊಡಬೇಕು. ಇಲ್ಲದಿದ್ದರೆ ಸಹಿ ಮಾಡಿದ ಪ್ರತಿಯೊಬ್ಬರನ್ನೂ ನೀನೇ ಹೋಗಿ ಕೇಳಬೇಕು. ಮುನ್ನೂರಕ್ಕೂ ಮೇಲೆ ಹೆಸರಿದಾವೆ. ಎರಡು ತಿಂಗಳಲ್ಲಿ ಆಗುತ್ತಾ?"

ಫೋನಿಟ್ಟು ಅವಳು ಕ್ಯಾಲೆಂಡರಿನಲ್ಲಿ ಸೆಪ್ಟೆಂಬರ್ ಕೊನೆಯವರೆಗಿನ ದಿನಗಳನ್ನು ಎಣಿಸಿದಳು.

ಮರುದಿನ ನಿಂಗಕ್ಕನ ಪಂಚಾಯಿತಿ ಕಚೇರಿಗೆ ಹೋದಳು. ಬಿಲ್ ಕಲೆಕ್ಟರ್ ಜಂಬುಲಿಂಗಪ್ಪ ಒಬ್ಬನೇ ಇದ್ದ. ಪುಸ್ತಕ ಹೊತ್ತು ಓಣಿ ಓಣಿ ತಿರುಗುತ್ತಿದ್ದವನು ಅವನೇ. ಕೇಳಿದ ಕೂಡಲೇ ಒಪ್ಪಿಕೊಂಡ.

"ಏನ್ ಮಾಡೋದು ಮೇಡಂ? ಹನ್ನೊಂದು ಗಂಟೆಗೆ ಸಭೆ ಅಂದ್ರೆ ಹೆಂಗಸ್ರು ಹೊಲದಾಗೆ ಇರ್ತಾರೆ. ಕೋರಂ ಆಗ್ಲಿಲ್ಲ ಅಂದ್ರೆ ಸಭೆ ಮುಂದಕ್ಕೆ ಹೋಗ್ತೈತೆ, ಊರಿನ ಕೆಲಸ ನಿಲ್ತೈತೆ. ಅದಕ್ಕೆ ನಾನೇ ಸಭೆ ಹೊತ್ಕೊಂಡು ತಿರುಗ್ತೀನಿ." ಆಮೇಲೆ ಅವಳ ಮುಖ ನೋಡಿದ. "ನೀವ್ಯಾಕೆ ಹಿಂಗೆ ಸೊರಗೀರಿ? ಎಲ್ರೂ ಬಂದಿದ್ರು ಅಂತ ಒಂದು ಲೆಟರ್ ಮಾಡಿಸ್ಕೊಡ್ತೀನಿ. ಸೀಲು, ಸಹಿ ಎಲ್ಲ. ಉಳಿದೆರಡು ಪಂಚಾಯಿತೀಲೂ ನಮ್ಮೋರೇ ಇದಾರೆ. ಡಾಕ್ಟ್ರಾದ ದಿನ ಮೈಸೂರ್ ಪಾಕ್ ಕೊಡ್ಸಿ, ಸಾಕು."

ಮಾರ್ಗದರ್ಶಕರು ಕೇಳಿದ್ದು ಆ ಕಾಗದವನ್ನೇ. ನಿರ್ಮಲಾ ಎದ್ದು ಕಿಟಕಿಯವರೆಗೆ ಹೋದಳು, ಬಂದು ಕೂತಳು, ಮತ್ತೆ ಎದ್ದಳು. ಬ್ಯಾಗಿನಲ್ಲಿದ್ದ ನೋಟ್‌ಪುಸ್ತಕದಲ್ಲಿ ನಿಂಗಕ್ಕನ ಮುದ್ದೆಯ ಮಾತು ಆಡಿದ ಹಾಗೇ ಇತ್ತು. ಜಂಬುಲಿಂಗಪ್ಪ ಆಗಲೇ ಬಿಳಿ ಹಾಳೆ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದಿದ್ದ.

"ತಾರೀಖು ಇವತ್ತಿಂದೇ ಹಾಕ್ಲಾ?"

"ಬ್ಯಾಡ ಜಂಬಣ್ಣ. ಹಾಳೆ ಒಳಗಿಡ್ರಿ."

"ಮತ್ತೆ ಸೆಪ್ಟೆಂಬರ್?"

"ಗೊತ್ತಿಲ್ಲ. ನೀವು ಪುಸ್ತಕ ಹಿಡ್ಕೊಂಡು ಮೊದ್ಲು ಯಾರ ಮನೆಗೆ ಹೋಗ್ತೀರಿ, ಅದೊಂದು ಹೇಳ್ರಿ ಸಾಕು."