ಗಂಡಸಿನ ಲಿಗಮೆಂಟು, ಹೆಂಗಸಿನ ಉಳುಕು

ಮಾಸ್ಟರಮ್ಮ ಆ ಮೂಳೆ ಡಾಕ್ಟರನ್ನು ಮೊದಲು ನೋಡಿದ್ದು ತನ್ನ ಕೈ ತೋರಿಸುವುದಕ್ಕಲ್ಲ, ಮೈದುನನ ಕೈ ತೋರಿಸುವುದಕ್ಕೆ. ಸೋಮವಾರ ಬೆಳಿಗ್ಗೆ. ಮೈದುನ ಮುಂದೆ, ಬಲಗೈಯನ್ನು ಎದೆಗೊತ್ತಿಕೊಂಡು, ಯುದ್ಧ ಗೆದ್ದು ಬಂದ ಸೇನಾಪತಿಯ ಹಾಗೆ. ಅವಳು ಹಿಂದೆ, ಅವನ ನೀರಿನ ಬಾಟಲಿ, ಅವನ ಜಾಕೆಟ್ಟು, ಅವನ ಎಕ್ಸ್‌ರೇ ಲಕೋಟೆ ಎಲ್ಲವನ್ನೂ ಎಡಗೈಯೊಂದರಲ್ಲೇ ಅವುಚಿಕೊಂಡು. ಕೋಣೆಯಲ್ಲಿ ರೋಗಿಗೆಂದು ತಿರುಗುವ ಸ್ಟೂಲೊಂದು, ಜೊತೆಗೆ ಬಂದವರಿಗೆಂದು ಕಾಲು ಕುಂಟಿದ ಪ್ಲಾಸ್ಟಿಕ್ ಕುರ್ಚಿಯೊಂದು. ಡಾಕ್ಟರು ಕನ್ನಡಕವನ್ನು ಹಣೆಗೇರಿಸಿಕೊಂಡು ಅದನ್ನೇ ಮೇಜಿನ ಮೇಲೆಲ್ಲ ಹುಡುಕುತ್ತಿದ್ದರು. ಸಿಕ್ಕಿದ ಮೇಲೆ ಕೇಳಿದರು:

"ಹೇಗಾಯ್ತು?"

ಈ ಪ್ರಶ್ನೆಗಾಗಿಯೇ ಮೈದುನ ರಾತ್ರಿಯೆಲ್ಲ ಕಾದಿದ್ದ.

"ಫುಲ್ ಸ್ಪೀಡಲ್ಲಿ ಬಂತು ಡಾಕ್ಟ್ರೇ, ಬಾಲು. ಬಲಗಡೆಯಿಂದ. ನಾನು ಹಾರಿದೆ. ಗಾಳೀಲೇ ಇದ್ದೆ ಅಂದ್ಕೊಳ್ಳಿ. ಹೆಬ್ಬೆರಳು ಹಿಂದಕ್ಕೆ ಮಡಚ್ತು, ಟಪ್ ಅಂತು. ಆದ್ರೂ ಮ್ಯಾಚು ಮುಗಿಯೋವರೆಗೂ ಬಿಡ್ಲಿಲ್ಲ."

ಬಿಡಲಿಲ್ಲ ಎಂಬುದು ನಿಜ. ಬಿಟ್ಟದ್ದು ಗೋಲುಗಳನ್ನು ಮಾತ್ರ. ಅವನ ಆಫೀಸಿನ ಫುಟ್‌ಬಾಲ್ ತಂಡದಲ್ಲಿ ಅವನಿಗೆ 'ಗೋಡೆ' ಎಂದು ಹೆಸರು. ಆ ಗೋಡೆಗೆ ಬಾಗಿಲು ಕಿಟಕಿಗಳು ಧಾರಾಳವಾಗಿದ್ದವು.

ಡಾಕ್ಟರು ಅವನ ಹೆಬ್ಬೆರಳನ್ನು ಹಿಡಿದು ಮೆಲ್ಲಗೆ ಹೊರಗಡೆಗೆ ಬಾಗಿಸಿದರು. "ಇಲ್ಲಿ ಬುಡದ ಹತ್ರ ಲಿಗಮೆಂಟ್ ಅಂತ ಒಂದು ನಾರು ಇರುತ್ತೆ, ಮೂಳೆಗೆ ಮೂಳೆ ಕಟ್ಟೋದು. ಗೇಟಿಗೆ ಕೀಲು ಇದ್ದ ಹಾಗೆ. ಪೂರ್ತಿ ಕಿತ್ತಿದ್ರೆ ಬೆರಳು ತಡೆಯೇ ಇಲ್ದೆ ತೆರ್ಕೊಳ್ಳುತ್ತೆ. ಆಗ ಆಪರೇಷನ್ ಮಾಡಿ ಹೊಲೀಬೇಕು, ಅದೂ ಎರಡು ಮೂರು ವಾರದೊಳಗೆ. ತಡವಾದ್ರೆ ಹೊಲಿಯೋಕೆ ಸರಿಯಾಗಿ ತುದಿ ಸಿಗಲ್ಲ, ಹಿಡಿತ ಹೋಗುತ್ತೆ. ನಿಮ್ದು ಅರ್ಧ ಮಾತ್ರ ಹರಿದಿದೆ. ಪಟ್ಟಿ ಕಟ್ಟಿದ್ರೆ ಕೂಡ್ಕೊಳ್ಳುತ್ತೆ."

"ಅರ್ಧ ಮಾತ್ರಾನಾ?" ಎಂದ ಮೈದುನ, ಅವಮಾನವಾದವನಂತೆ.

ಡಾಕ್ಟರಿಗೆ ಪಾಪ ಅನ್ನಿಸಿರಬೇಕು. "ಇದು ಗಂಡಸ್ರಲ್ಲೇ ಜಾಸ್ತಿ. ಆಟ, ಬೈಕು, ಹೊಡೆದಾಟ. ಹೆಂಗಸರು ಇದಕ್ಕೆ ಅಂತ ನನ್ನ ಹತ್ರ ಬರೋದು ಕಡಿಮೆ," ಎಂದರು. ಮೈದುನನ ಮುಖ ಮತ್ತೆ ಅರಳಿತು.

ಬರುವುದು ಕಡಿಮೆ ಎಂದರು. ಆಗುವುದು ಕಡಿಮೆಯೋ ಎಂದು ಯಾರೂ ಕೇಳಲಿಲ್ಲ. ಕುಂಟು ಕುರ್ಚಿಯ ಮೇಲೆ ಕೂತಿದ್ದವಳ ಬಲಗೈ ಹೆಬ್ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಹಿಂದಿನ ಸಂಜೆ, ಗೋಡೆಯವರು ಕೆಸರು ಮಾಡಿಕೊಂಡು ಬಂದ ಆಟದ ಬಟ್ಟೆಯನ್ನು ನೆನೆಹಾಕಿದ ಬಕೆಟ್ಟನ್ನು ಎತ್ತಿಕೊಂಡು ಹಿತ್ತಿಲ ಮೆಟ್ಟಿಲು ಇಳಿಯುವಾಗ ಅವಳು ಜಾರಿ ಬಿದ್ದಿದ್ದಳು. ಬಕೆಟ್ಟಿನ ಹಿಡಿಗೆ ಸಿಕ್ಕ ಹೆಬ್ಬೆರಳು ಹಿಂದಕ್ಕೆ ಮಡಚಿತ್ತು. ಟಪ್ ಎಂದಿತ್ತು. ಆದರೆ ಆಗ ಮನೆಯವರೆಲ್ಲ ಇನ್ನೊಂದು ಹೆಬ್ಬೆರಳಿನ ಸುತ್ತ ನಿಂತಿದ್ದರಿಂದ ಈ ಸದ್ದು ಯಾರಿಗೂ ಕೇಳಿಸಿರಲಿಲ್ಲ.

ಹೊರಡುವಾಗ ಡಾಕ್ಟರ ಕಣ್ಣಿಗೆ ಅದು ಬಿತ್ತು. "ನಿಮಗೇನಾಯ್ತಮ್ಮ?"

"ಏನಿಲ್ಲ ಡಾಕ್ಟ್ರೇ. ಸ್ವಲ್ಪ ಉಳುಕಿದೆ."

ಏನಿಲ್ಲ, ಸ್ವಲ್ಪ, ಉಳುಕು. ಮೂರೇ ಮಾತು. ಇಷ್ಟು ಚೆನ್ನಾಗಿ ತನ್ನ ಕೇಸನ್ನು ತಾನೇ ಸೋಲಿಸಿಕೊಳ್ಳುವ ವಕೀಲರು ಎಲ್ಲೂ ಸಿಗಲಾರರು. ಹೊರಗೆ ಜನ ಕಾಯುತ್ತಿದ್ದರು. ಡಾಕ್ಟರು ಮೈದುನನ ಚೀಟಿಯ ಮೂಲೆಯಲ್ಲೇ ಹಚ್ಚುವ ಮುಲಾಮೊಂದನ್ನು ಬರೆದು, "ನೋವು ಕಡಿಮೆ ಆಗದಿದ್ರೆ ಬನ್ನಿ," ಎಂದರು.

ಮಾಸ್ಟರಮ್ಮನಿಗೆ ಆ ಹೆಸರು ಬಂದದ್ದು ಹೊಲಿಗೆ ಕಾರ್ಖಾನೆಯಲ್ಲಿ. ಗುಂಡಿ ಹಚ್ಚುವ ಮೇಜಿಗೆ ಸೇರಿದವಳು ನೋಡಿ ನೋಡಿಯೇ ಬಟ್ಟೆ ಕತ್ತರಿಸುವುದನ್ನು ಕಲಿತಳು. ಹಳೆಯ ಕಟಿಂಗ್ ಮಾಸ್ಟರು ಹೇಳದೆ ಕೇಳದೆ ಕೆಲಸ ಬಿಟ್ಟ ದಿನ ಯಜಮಾನರು ದೊಡ್ಡ ಕತ್ತರಿಯನ್ನು ಅವಳ ಕೈಗಿತ್ತು, "ಸದ್ಯಕ್ಕೆ ನೀವು ನೋಡ್ಕೊಳಿ," ಎಂದರು. ಆ ಸದ್ಯಕ್ಕೆ ಆಗಲೇ ಒಂಬತ್ತು ವರ್ಷ. ಕೆಲಸ ಹೇಳುವಾಗ ಅವಳು ಮಾಸ್ಟರು, ಸಂಬಳ ಕೇಳುವಾಗ ಅಮ್ಮ. ಆದರೂ ಕತ್ತರಿ ಅವಳದೇ. ಎಂಟು ಪದರ ಬಟ್ಟೆಯ ಮೇಲೆ ಅದು ಹೋಗುತ್ತಿದ್ದರೆ ನೀರಿನ ಮೇಲೆ ದೋಣಿ ಹೋದಂತೆ.

ಆ ದೋಣಿ ಈಗ ಓಲಾಡತೊಡಗಿತು. ಕತ್ತರಿಯ ಬಳೆಯೊಳಗೆ ಹೆಬ್ಬೆರಳು ತೂರಿಸಿ ಒತ್ತಿದರೆ ಬೆರಳು ಹೊರಗೆ ಜಾರುತ್ತಿತ್ತು, ಅಂಚು ಸೊಟ್ಟಗಾಗುತ್ತಿತ್ತು. ಅವಳು ಬೆರಳಿಗೆ ಬಟ್ಟೆ ಚೂರು ಬಿಗಿದು ಕಟ್ಟಿಕೊಂಡು ನೋಡಿದಳು, ಎಡಗೈಯಲ್ಲಿ ಒತ್ತಾಸೆ ಕೊಟ್ಟು ನೋಡಿದಳು. ಎರಡನೆಯ ವಾರದಲ್ಲಿ ಒಂದಿಡೀ ಅಟ್ಟಿ ಕಾಲರು ಹಾಳಾಯಿತು.

ಯಜಮಾನರು ಒಂದು ಕಾಲರನ್ನು ಬೆಳಕಿಗೆ ಹಿಡಿದರು. "ಏನ್ ಮಾಸ್ಟರಮ್ಮ, ನೀವು ಕತ್ತರಿಸಿದ್ದೋ, ಇಲಿ ಕಡಿದದ್ದೋ?"

"ಕೈ ಸ್ವಲ್ಪ ಉಳುಕಿದೆ ಸಾರ್."

"ಉಳುಕಿದ್ರೆ ಪಾಪ, ಗುಂಡಿ ಮೇಜಿಗೆ ಹೋಗಿ ಆರಾಮಾಗಿ ಕೂತ್ಕೊಳಿ. ಇಸ್ತ್ರಿಯವನು ಕತ್ತರಿ ಕೇಳ್ತಾನೇ ಇದ್ದಾನೆ. ಈ ವಾರ ನೋಡ್ತೀನಿ."

ಇಸ್ತ್ರಿ ಹಾಕುವವನು ಆಚೆ ಮೇಜಿನಿಂದ ತುಂಬ ವಿನಯದಿಂದ ನಕ್ಕ. ಅವನು ಕತ್ತರಿ ಹಿಡಿದ ಮರುದಿನವೇ ಮಾಸ್ಟರ್ ಆಗುತ್ತಾನೆ, ಹಿಂದೆ ಯಾವ ಬಾಲವೂ ಇಲ್ಲದ ಮಾಸ್ಟರ್, ಎಂಬುದು ಅವಳಿಗೆ ಗೊತ್ತಿತ್ತು. ಗುಂಡಿ ಮೇಜಿಗೆ ಒಮ್ಮೆ ವಾಪಸು ಹೋದವರು ಕತ್ತರಿಗೆ ಮರಳಿದ್ದನ್ನು ಅವಳು ಕಂಡಿರಲಿಲ್ಲ.

ಮನೆಯಲ್ಲಿ ಗಂಡಸಿನ ಲಿಗಮೆಂಟಿಗೆ ಸೇವೆ ನಡೆದಿತ್ತು. ಗಂಡ ಲಾರಿ ಓಡಿಸುವವನು, ತಿಂಗಳಿಗೊಮ್ಮೆ ಬರುವ ನೆಂಟ. ಫೋನಿನಲ್ಲಿ, "ಮೊದ್ಲು ಅವನಿಗೆ ವಾಸಿಯಾಗ್ಲಿ, ಆಮೇಲೆ ನಿಂದು ನೋಡೋಣ," ಎಂದಿದ್ದ. ಹೆಬ್ಬೆರಳುಗಳು ಸರದಿಯಲ್ಲಿ ನಿಂತಿವೆ ಎಂಬ ಹಾಗೆ. ಮೈದುನನ ಅಂಗಿ ಗುಂಡಿ ಹಾಕುವವಳು ಅವಳು, ಹಣ್ಣು ಸುಲಿದು ಕೊಡುವವಳು ಅವಳು. ನೋಡಲು ಬಂದ ಗೆಳೆಯರಿಗೆಲ್ಲ ಅವನು, "ಗಂಡಸ್ರಿಗೇ ಆಗೋದಂತೆ ಇದು, ಡಾಕ್ಟ್ರೇ ಹೇಳಿದ್ರು," ಎಂದು ಪದಕದ ಹಾಗೆ ಪಟ್ಟಿ ತೋರಿಸುತ್ತಿದ್ದ. ಅತ್ತೆ ಪ್ರತಿ ಸಲವೂ ಕಣ್ಣೊರೆಸಿಕೊಳ್ಳುತ್ತಿದ್ದರು.

ಕಾಲರು ಹಾಳಾದ ಸಂಜೆ ಅತ್ತೆ ಸಕ್ಕರೆ ಡಬ್ಬವನ್ನು ಅವಳ ಮುಂದಿಟ್ಟರು. "ಇದರ ಮುಚ್ಚಳ ತೆಗೆದುಕೊಡು. ಮಗೂಗೆ ಕಾಫಿ ಬೇಕಂತೆ."

ಮಗುವಿಗೆ ಮೂವತ್ತು ದಾಟಿತ್ತು.

"ನನ್ನ ಕೈಲೂ ಆಗ್ತಿಲ್ಲ ಅತ್ತೆ. ಹಿಡಿತಾನೇ ಇಲ್ಲ."

"ಅಯ್ಯೋ, ಉಳುಕು ತಾನೇ? ಶಾಖ ಕೊಡು. ನಂಗೂ ಆಗಿತ್ತು ಕಣೇ, ಕೊಡ ಹಿಡ್ಕೊಂಡು ಬಿದ್ದು. ಯಾವ ಡಾಕ್ಟ್ರಿಗೆ ತೋರಿಸಿದ್ದೆ? ತಾನೇ ಸರಿಹೋಯ್ತು."

"ಸರಿಹೋಗಿದ್ರೆ ಡಬ್ಬ ಯಾಕೆ ತೆಗೆಯೋಕಾಗಲ್ಲ?"

"ವಯಸ್ಸಾಯ್ತಲ್ಲ!"

"ನಾನು ಮದುವೆಯಾಗಿ ಬಂದಾಗ್ಲೂ ನೀವು ಡಬ್ಬ ತೆಗೀತಿರ್ಲಿಲ್ಲ. ಬಿದ್ದಾಗ ನಿಮಗೆಷ್ಟು ವಯಸ್ಸು?"

ಅತ್ತೆ ಯೋಚಿಸಿದರು. "ಇವನಿನ್ನೂ ತೊಟ್ಟಿಲಲ್ಲಿದ್ದ," ಎಂದರು, ಧ್ವನಿ ತಗ್ಗಿಸಿ.

ಮಾಸ್ಟರಮ್ಮ ಅತ್ತೆಯ ಕೈ ತೆಗೆದುಕೊಂಡು, ಡಾಕ್ಟರು ಮಾಡಿದಂತೆಯೇ ಹೆಬ್ಬೆರಳನ್ನು ಮೆಲ್ಲಗೆ ಹೊರಗೆ ಬಾಗಿಸಿದಳು. ಕೀಲು ಕಿತ್ತ ಗೇಟು ತೆರೆದ ಹಾಗೆ ಅದು ತೆರೆದುಕೊಂಡಿತು. ಆಮೇಲೆ ಹಲ್ಲುಕಚ್ಚಿ ತನ್ನದನ್ನು ಬಾಗಿಸಿದಳು. ಅದೂ ತೆರೆದುಕೊಂಡಿತು. ಅತ್ತೆ ಸಕ್ಕರೆ ಡಬ್ಬವನ್ನು ಪಕ್ಕಕ್ಕೆ ಸರಿಸಿದರು.

"ನಾಳೆ ಅವನ ಪಟ್ಟಿ ತೋರಿಸೋಕೆ ಡಾಕ್ಟ್ರ ಹತ್ರ ಹೋಗ್ತೀಯಲ್ಲ," ಎಂದರು ಅತ್ತೆ. "ನಿಂದೂ ತೋರಿಸ್ಕೊಂಡು ಬಾ." ಮಗುವಿನ ಕಾಫಿ ಅಂದು ಸಕ್ಕರೆಯಿಲ್ಲದೆ ಹೋಯಿತು.

ಮರುದಿನ ಬಾಗಿಲಲ್ಲಿ ಮೈದುನ ನಿಂತೇ ಇದ್ದ. "ಅತ್ತಿಗೆ, ನನ್ನ ಬಾಟ್ಲು, ಜಾಕೆಟ್ಟು?"

"ನೀನೇ ಹಿಡ್ಕೋಪ್ಪ. ಎಡಗೈ ಲಿಗಮೆಂಟು ಗಟ್ಟಿಯಾಗೇ ಇದೆಯಲ್ಲ."

ಡಾಕ್ಟರ ಕೋಣೆಯಲ್ಲಿ ಅವಳು ನೆಟ್ಟಗೆ ಹೋಗಿ ತಿರುಗುವ ಸ್ಟೂಲಿನ ಮೇಲೆ ಕೂತಳು. ಮೈದುನನಿಗೆ ಕುಂಟು ಕುರ್ಚಿ ಉಳಿಯಿತು.

"ಹೇಗಾಯ್ತು?" ಎಂದರು ಡಾಕ್ಟರು.

'ಏನಿಲ್ಲ' ಎಂಬುದು ನಾಲಿಗೆಯ ತುದಿಗೆ ಬಂದೇ ಬಿಟ್ಟಿತು. ಹುಟ್ಟಿದಾಗಿನಿಂದ ಅಲ್ಲೇ ವಾಸವಾಗಿದ್ದ ಮಾತು. ಅವಳು ಅದನ್ನು ನುಂಗಿ, ಬೆನ್ನು ನೆಟ್ಟಗೆ ಮಾಡಿದಳು.

"ಫುಲ್ ಸ್ಪೀಡಲ್ಲಿ ಬಿದ್ದೆ ಡಾಕ್ಟ್ರೇ. ಬಕೆಟ್ಟು ಬಲಗೈಲಿತ್ತು, ಹದಿನೈದು ಲೀಟರಿಂದು, ಭರ್ತಿ. ಮೆಟ್ಟಿಲು ಒದ್ದೆ. ಕಾಲು ಜಾರ್ತು, ಗಾಳೀಲಿದ್ದೆ ಅಂದ್ಕೊಳ್ಳಿ. ಬಕೆಟ್ಟು ಒಂದ್ಕಡೆ, ನಾನೊಂದ್ಕಡೆ, ಹೆಬ್ಬೆರಳು ಹಿಡಿಯೊಳಗೆ. ಹಿಂದಕ್ಕೆ ಮಡಚ್ತು, ಟಪ್ ಅಂತು. ಆದ್ರೂ ಬಟ್ಟೆ ಒಗೆದು ಮುಗಿಸೋವರೆಗೂ ಬಿಡ್ಲಿಲ್ಲ."

ಒಂದು ಅಕ್ಷರವೂ ಸುಳ್ಳಲ್ಲ. ಕುಂಟು ಕುರ್ಚಿ ಕಿರ್ ಎಂದಿತು. ಡಾಕ್ಟರ ಕನ್ನಡಕ ತಾನಾಗಿಯೇ ಹಣೆಯಿಂದ ಮೂಗಿಗೆ ಇಳಿಯಿತು. ಅವರು ಎದ್ದು ಬಂದು ಹೆಬ್ಬೆರಳನ್ನು ಬಾಗಿಸಿದರು, ಎಡಗೈಯದನ್ನೂ ಬಾಗಿಸಿ ಹೋಲಿಸಿದರು.

"ಪೂರ್ತಿ ಕಿತ್ತಿದೆ," ಎಂದರು. "ಅವತ್ತು ಉಳುಕು ಅಂದ್ರಲ್ಲಮ್ಮ? ನಾನೂ ಮುಟ್ಟಿ ನೋಡ್ಬೇಕಿತ್ತು. ಇನ್ನೂ ಹೊಲೀಬಹುದು, ಆದ್ರೆ ಈ ವಾರವೇ ಆಗ್ಬೇಕು. ನಿಮ್ಮ ಕೆಲಸ ಏನು?"

"ಕಟಿಂಗ್ ಮಾಸ್ಟರು," ಎಂದಳು. ಅಮ್ಮ ಸೇರಿಸಲಿಲ್ಲ.

"ಪೂರ್ತೀನಾ?" ಎಂದ ಮೈದುನ ಹಿಂದಿನಿಂದ. ಅವನ ದನಿಯಲ್ಲಿ ಗಾಬರಿಯಿತ್ತೋ ಹೊಟ್ಟೆಕಿಚ್ಚಿತ್ತೋ ಹೇಳುವುದು ಕಷ್ಟ.

ಆ ಶುಕ್ರವಾರ ಆಪರೇಷನ್ ಆಯಿತು. ಅದಕ್ಕೂ ಮೊದಲು ಅವಳು ಕಾರ್ಖಾನೆಗೆ ಹೋಗಿ, ಯಜಮಾನರಿಗೂ ಅದೇ ಕಥೆಯನ್ನು ಅದೇ ಧಾಟಿಯಲ್ಲಿ ಹೇಳಿ, "ಲಿಗಮೆಂಟು ಪೂರ್ತಿ ಕಿತ್ತಿದೆ ಸಾರ್. ಹೊಲಿಸ್ಕೊಂಡು ಬರ್ತೀನಿ. ಅಲ್ಲೀವರೆಗೆ ಗೆರೆ ಎಳೆಯೋಕೆ ಎಡಗೈ ಇದೆ, ಕತ್ತರಿಸೋಕೆ ಇಸ್ತ್ರಿಯವನನ್ನ ಕೊಡಿ," ಎಂದಳು. ಉಳುಕಿಗೆ ಸಿಗದ ಮರ್ಯಾದೆ ಲಿಗಮೆಂಟಿಗೆ ಸಿಕ್ಕಿತು. ಯಜಮಾನರು ಎದ್ದು ನಿಂತು ಕುರ್ಚಿ ಕೊಟ್ಟರು. ಇಸ್ತ್ರಿಯವನು ಎರಡು ತಿಂಗಳು ಅವಳು ಎಳೆದ ಗೆರೆಯ ಮೇಲೆ ಕತ್ತರಿ ಓಡಿಸಿದ. ಅವನು ಕತ್ತರಿಸಿದ್ದರಲ್ಲಿ ಅರ್ಧ ಎಷ್ಟು ಸೊಟ್ಟಗಿತ್ತೆಂದರೆ, ಇಲಿ ಕಡಿದದ್ದು ಎಂದು ಇಲಿಯನ್ನು ಅವಮಾನಿಸಲು ಯಜಮಾನರಿಗೇ ಸಂಕೋಚವಾಯಿತು. ಮನೆಯಲ್ಲಿ ಮೈದುನ ಒಂದು ದಿನ ಪಾತ್ರೆ ತೊಳೆದ; ಸುದ್ದಿ ಸಂಜೆಯೊಳಗೆ ನಾಲ್ಕು ಬೀದಿಗೆ ಹಬ್ಬಿತು. ಅತ್ತೆಯನ್ನೂ ಕರೆದುಕೊಂಡು ಹೋಗಿ ತೋರಿಸಿದ್ದಾಯಿತು. ಇಷ್ಟು ಹಳೆಯದನ್ನು ಹೊಲಿಯಲು ಬರುವುದಿಲ್ಲ ಎಂದು ಡಾಕ್ಟರು ಕೈಗೊಂದು ಪಟ್ಟಿ ಕೊಟ್ಟು ಕಳಿಸಿದರು.

ಮಾಸ್ಟರಮ್ಮನ ಹೆಬ್ಬೆರಳು ಮೊದಲಿನಷ್ಟು ಮಡಚುವುದಿಲ್ಲ, ಚಳಿಗೆ ನೋಯುತ್ತದೆ. ಎಂಟು ಪದರ ಈಗ ಆಗದು, ಐದು ಪದರ ಆಗುತ್ತದೆ. ಅವಳು ಅದೇ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುತ್ತಾಳೆ.