ಕಬ್ಬಿನ ಗಾಡಿಗೆ ಚಂದ್ರನ ಕನ್ನಡಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಜಮಖಂಡಿ ರಸ್ತೆಯ ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿವೆ. ಚಾಲಕರು ಮುಸುಕೆಳೆದು ಮಲಗಿದ್ದಾರೆ. ಬನಹಟ್ಟಿಯ ಕಾಂಚನಾ ಒಂದೊಂದೇ ಟ್ರೇಲರಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಒದ್ದೆ ಅರಿವೆಯಿಂದ ಕೆಸರು ಒರೆಸಿ, ಬೆಳಕು ಬಿದ್ದರೆ ಹೊಳೆಯುವ ಕೆಂಪು ರಿಫ್ಲೆಕ್ಟರ್ ಬಿಗಿಯುತ್ತಾರೆ. ಹೊತ್ತೇರುವ ಮೊದಲು ಊರು ಸೇರಬೇಕು. ಪವರ್‌ಲೂಮಿನಲ್ಲಿ ಕಂಡಿಕೆಗೆ ನೂಲು ಸುತ್ತುವ ಕೂಲಿ ಕಾದಿದೆ.

ಗಂಡ ಜ್ಞಾನೇಶ್ವರ ತೇರದಾಳದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಚಂದ್ರನ ದೂರ ಅಳೆಯುವ ಪಾಠ ಬಂತೆಂದರೆ ಸೈಕಲ್ಲಿನ ರಿಫ್ಲೆಕ್ಟರ್ ಬಿಚ್ಚಿಕೊಂಡು ಹೊರಡುತ್ತಿದ್ದರು. ಆ ಪಾಠ ಮೊದಲು ನಡೆಯುತ್ತಿದ್ದುದು ಅಡುಗೆಮನೆಯಲ್ಲಿ, ಹೆಂಡತಿಯ ಮುಂದೆ.

"ಚಂದ್ರಾಮನ ಮ್ಯಾಲ ಹೋದವರು ಇಂಥಾವ ಇಟ್ಟು ಬಂದಾರಂತರಿ. ಇಲ್ಲಿಂದ ಲೇಸರ್ ಬಿಟ್ರ ಬೆಳಕು ಹೋದ ದಾರೀಲೇ ಹೊಳ್ಳಿ ಬರತೈತಿ. ಹೋಗಿ ಬರಾಕ ಎಷ್ಟು ಹೊತ್ತು ಹಿಡೀತು ನೋಡಿ ದೂರ ಲೆಕ್ಕಾ ಹಾಕ್ತಾರ. ವರ್ಷಕ್ಕ ಒಂದೂವರಿ ಇಂಚು ದೂರ ಸರ್ಯಾಕತ್ತಾನಂತ. 'ಸರದ್ರ ಸರೀಲಿ ಬಿಡ್ರಿ, ನೀವು ಮೊದಲ ಉಣ್ರಿ' ಅಂತ ನಗತಿದ್ದೆ," ಎನ್ನುತ್ತಾರೆ ಕಾಂಚನಾ. ಹೇಳುವಾಗ ನಗುವುದಿಲ್ಲ.

ಮೂರು ವರ್ಷದ ಹಿಂದೆ, ಕಬ್ಬಿನ ಹಂಗಾಮಿನಲ್ಲಿ, ಮುಚ್ಚಂಜೆ ಹೊತ್ತಿಗೆ ಮನೆಗೆ ಬರುತ್ತಿದ್ದ ಜ್ಞಾನೇಶ್ವರರ ಬೈಕು, ಪಂಕ್ಚರಾಗಿ ರಸ್ತೆಯಲ್ಲೇ ನಿಂತಿದ್ದ ಟ್ರೇಲರಿಗೆ ಬಡಿಯಿತು. ಅದರ ಹಿಂದೆ ದೀಪವಿರಲಿಲ್ಲ, ರಿಫ್ಲೆಕ್ಟರೂ ಇರಲಿಲ್ಲ. ಅವರು ಉಳಿಯಲಿಲ್ಲ. "ಚಂದ್ರಾಮನ ಮ್ಯಾಲ ಅಷ್ಟು ದೂರ ಒಯ್ದು ಇಟ್ಟಾರ. ನಮ್ಮ ರೋಡಿಗೆ ಒಂದು ಇರಲಿಲ್ಲ ನೋಡ್ರಿ."

ಮರುವರ್ಷವೇ ಕಾಂಚನಾ ಈ ಕೆಲಸಕ್ಕಿಳಿದರು. ಚಾಲಕರು ಬೈದರು, ಹುಚ್ಚಿ ಎಂದರು. ಮೊದಲು ಒಪ್ಪಿದವನು ಬೀಳಗಿ ಕಡೆಯ ಅಮಸಿದ್ದಪ್ಪ. ಹೋದ ಹಂಗಾಮಿನಲ್ಲಿ ಅವನ ಟ್ರೇಲರಿಗೇ ನೂಲಿನ ವ್ಯಾಪಾರಿಯೊಬ್ಬ ಬಡಿದು ಕಾಲು ಕಳೆದುಕೊಂಡ. "ಅಕ್ಕಾರ, ನೀವು ಹಚ್ಚಿದ್ದು ಹಂಗ ಐತ್ರಿ. ಕೆಸರ ಮೆತ್ತಿ ಕಾಣಲಿಲ್ಲ," ಎಂದು ಅಮಸಿದ್ದಪ್ಪ ಕಾಂಚನಾ ಅವರ ಹೊಸ್ತಿಲಲ್ಲಿ ಕೂತು ಅತ್ತ. ಆಮೇಲೆ ಅವನು ಸ್ಟೇರಿಂಗ್ ಮುಟ್ಟಲಿಲ್ಲ.

ಆ ರಾತ್ರಿ ಕಾಂಚನಾ ಉಣ್ಣಲಿಲ್ಲ. "ಹಚ್ಚಿದ್ರ ಆತು ಅನ್ಕೊಂಡಿದ್ದೆ. ಒರಸಬೇಕು ಅನ್ನೂದು ಹೊಳೀಲೇ ಇಲ್ಲರಿ." ಅಂದಿನಿಂದ ಹಂಗಾಮು ಮುಗಿಯುವ ತನಕ ಒಂದು ನಸುಕೂ ತಪ್ಪಿಸುವುದಿಲ್ಲ. ಹಚ್ಚುವುದಕ್ಕಿಂತ ಒರೆಸುವುದೇ ಹೆಚ್ಚು. ಕೆಲವು ಚಾಲಕರು ಈಗಲೂ ಅವರನ್ನು ಕಂಡರೆ ಗಾಡಿ ಮುಂದೆ ಎಳೆದುಕೊಂಡು ಹೋಗುತ್ತಾರೆ.

ಬೇಸರ ಬರುವುದಿಲ್ಲವೇ ಎಂದು ಕೇಳಿದರೆ ಅರಿವೆ ಹಿಂಡಿ ಮುಂದಿನ ಟ್ರೇಲರಿನ ಕಡೆ ತಿರುಗುತ್ತಾರೆ.

"ಚಂದ್ರಾಮನ ಮ್ಯಾಲಿನವಕ್ಕೂ ಧೂಳ ಕುಂತು, ಬೆಳಕು ಹೊಳ್ಳಿ ಬರೂದು ಕಡಿಮಿ ಆಗೇತಂತ. ನಮ್ಮವರು ಹೇಳತಿದ್ರು. ಅಲ್ಲಿ ಒರಸಾಕ ಯಾರೂ ಇಲ್ಲ. ಇಲ್ಲಿ ಒರಸಾಕ ನಾ ಅದೀನಲ್ಲರಿ."