ನಾಲ್ಕು ಸಲ ‘ಬೇಡ’

…ಜೇಷ್ಠಮಧುವೇ ಇರಬೇಕು. ಇಲ್ಲವೆ ಲವಂಗ. ಎರಡೂ ಅಲ್ಲದೆ, ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ವಾಸನೆಗೇ ನಾನು ಜೇಷ್ಠಮಧು ಎಂದು ಹೆಸರಿಡುತ್ತಿರಲೂಬಹುದು. ಕಾರು ಮಾರುವ ಮುಂಚೆ ಡಿಕ್ಕಿ ಖಾಲಿ ಮಾಡುತ್ತಿದ್ದಾಗ ಸ್ಟೆಪ್ನಿಯ ಪಕ್ಕದಲ್ಲಿ ಆ ಪಾರದರ್ಶಕ ಚೀಲ ಸಿಕ್ಕಿತು. ಸ್ಟೇಡಿಯಮ್ಮಿನೊಳಗೆ ಬೇರೆ ಚೀಲ ಬಿಡುವುದಿಲ್ಲ. ಒಳಗಿರುವುದೆಲ್ಲ ಹೊರಗೆ ಕಾಣಬೇಕು. ಜಿಪ್ ಎಳೆದು ಮೂಗೊಡ್ಡಿದೆ. ಪಕ್ಕದ ಮನೆಯ ಆಂಟಿ ಬಂದು ನಿಂತರು. ಹೀಗೆ ಬರೆಯುವುದು ಸುಲಭ. ನಿಜವಾಗಿ ನೆನಪಿಗೆ ಬಂದದ್ದು ಅವರ ಕೊರಳಿನ ಒಂದು ಪಕ್ಕ, ಕೂಗುವಾಗ ಅಲ್ಲಿ ಎದ್ದು ಕಾಣುತ್ತಿದ್ದ ನರ. ಮುಖ ಬರಲಿಲ್ಲ. ಮುಖವನ್ನು ಆಮೇಲೆ ಫೋನಿನ ಫೋಟೊ ನೋಡಿ ಸೇರಿಸಿಕೊಂಡೆ.

ಲಾಸ್ ಏಂಜಲೀಸಿನ ಪಕ್ಕದ ಟೊರೆನ್ಸಿನ ನಮ್ಮ ಬೀದಿಯಲ್ಲಿ ಹಗಲೂ ಸದ್ದಿರುತ್ತಿರಲಿಲ್ಲ. ಗ್ಯಾರೇಜಿನ ಬಾಗಿಲು ಮೇಲೇರುವುದು, ಒಣಗಿದ ಎಲೆ ಊದುವ ಯಂತ್ರ, ಅಷ್ಟೇ. ನಾನು ಬಾಡಿಗೆಗಿದ್ದ ಮನೆಗೂ ಅವರ ಮನೆಗೂ ನಡುವೆ ಎದೆಯೆತ್ತರದ ಮರದ ಬೇಲಿ. ಉಡುಪಿ ಕಡೆಯವರು. ಅಂಕಲ್ ವಿಮಾನದ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾಗಿದ್ದರು. ಆಂಟಿಗೆ ಪಾರ್ಕಿನ್ಸನ್ ಕಾಯಿಲೆ. ಕೈ ನಡುಗುವುದು ಎಲ್ಲರಿಗೂ ಕಾಣುತ್ತಿತ್ತು. ದನಿ ಸವೆಯುತ್ತಿದ್ದದ್ದು ಯಾರಿಗೂ ಕಾಣುತ್ತಿರಲಿಲ್ಲ. ನಾನೂ ಮೊದಲಿಗೆ ಅದನ್ನು ಸಂಕೋಚ ಎಂದುಕೊಂಡಿದ್ದೆ.

ಅಂಕಲ್ಲಿಗೆ ಕಿವಿ ಮಂದ. ಕಿವಿಯ ಯಂತ್ರವಿತ್ತು, ಅದು ಹೆಚ್ಚಾಗಿ ಶರ್ಟಿನ ಜೇಬಿನಲ್ಲಿರುತ್ತಿತ್ತು. “ಅವರು ಕೇಳುದೇ ಇಲ್ಲ,” ಎಂದು ಆಂಟಿ ಬೇಲಿಗೆ ಒರಗಿ ಪಿಸುಗುಟ್ಟುತ್ತಿದ್ದರು. ಕಿವಿಗೆ ಬೀಳುವುದಿಲ್ಲವೆಂದೋ, ತನ್ನನ್ನು ಒಂದು ಮಾತು ವಿಚಾರಿಸುವುದಿಲ್ಲವೆಂದೋ? ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ. ಅವರು ಬಿಡಿಸಿ ಹೇಳಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ…

ಆ ವರ್ಷ ಅಂಕಲ್ ಟೊರೆನ್ಸಿನ ಮನೆ ಮಾರಿ, ಸ್ಯಾನ್ ಡಿಯೇಗೊ ದಾರಿಯ ಕಾರ್ಲ್ಸ್‌ಬಾಡಿನಲ್ಲಿ ಮಗನ ಮನೆಯ ಹಿತ್ತಲಿಗೆ ಅಂಟಿದ ಚಿಕ್ಕ ಮನೆಗೆ ಹೋಗುವುದೆಂದು ತೀರ್ಮಾನಿಸಿದ್ದರು. ಆಂಟಿಗೆ ಬೇಡವಾಗಿತ್ತು. ಟೊರೆನ್ಸಿನಲ್ಲಿ ಅವರು ನಡೆದೇ ಲೈಬ್ರರಿಗೂ ಅಂಗಡಿಗೂ ಹೋಗಿಬರುತ್ತಿದ್ದರು; ಅಲ್ಲಿ ಗುಡ್ಡದ ಮೇಲಿನ ಮನೆ, ಹಾಲು ತರಲಿಕ್ಕೂ ಯಾರಾದರೂ ಡ್ರೈವ್ ಮಾಡಬೇಕು. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಮದುವೆಯಾದಾಗಿನಿಂದ ಊರು ಬದಲಿಸಿದಾಗಲೆಲ್ಲ ಅಂಕಲ್ ಹೇಳಿದ್ದರು, ಇವರು ಹ್ಞೂಂ ಅಂದಿದ್ದರು. ಈ ಸಲ ಹ್ಞೂಂ ಅನ್ನುವುದಿಲ್ಲವೆಂದು ನಿಶ್ಚಯಿಸಿದ್ದರು. ಆದರೆ ಅವರ ‘ಬೇಡ’ ಊಟದ ಮೇಜನ್ನು ದಾಟಿ ಗಂಡನವರೆಗೆ ಹೋಗುತ್ತಿರಲಿಲ್ಲ.

“ಬರೆದು ತೋರಿಸಿ ಆಂಟಿ,” ಅಂದೆ.

“ಚೀಟಿ ಕೊಡ್ಲಿಕ್ಕೆ ನಾನೆಂತ ಅವರ ಆಫೀಸಿನವಳಾ? ಮೆಸೇಜೂ ಮಾಡಿದೆ ಮಾರಾಯ್ತಿ. ಹೆಬ್ಬೆಟ್ಟಿನ ಚಿತ್ರ ಕಳಿಸಿದ್ರು.” ಬೇಲಿಗೆ ಕೈಯೂರಿ, “ಮುಖ ನೋಡಿ, ಬಾಯಿಬಿಟ್ಟು ಹೇಳ್ಬೇಕು. ಹೇಳಿಯೇ ಹೇಳ್ತೇನೆ,” ಅಂದರು.

ಮಾತಿನ ಚಿಕಿತ್ಸೆ ಕೊಡುತ್ತಿದ್ದಾಕೆ ದಿನವೂ ಗಟ್ಟಿಯಾಗಿ ಕೂಗಬೇಕು ಎಂದಿದ್ದಳಂತೆ. ನಿಮಗೆ ಅರಚಿದ ಹಾಗನ್ನಿಸಿದಾಗ ಉಳಿದವರಿಗೆ ಅದು ಮಾಮೂಲು ಮಾತಿನ ಹಾಗೆ ಕೇಳಿಸುತ್ತದೆ ಎಂದಳಂತೆ. ಆಂಟಿ ಅಡುಗೆಮನೆಯಲ್ಲಿ ಕೂಗಿ ನೋಡಿದರು. ಆಚೆ ಪಕ್ಕದ ಮನೆಯವನು ಬಂದು ಬೆಲ್ ಒತ್ತಿ, ಎಲ್ಲ ಕ್ಷೇಮವೇ, ಯಾರಿಗಾದರೂ ಫೋನ್ ಮಾಡಬೇಕೇ ಎಂದು ವಿಚಾರಿಸಿದ. “ಈ ದೇಶದಲ್ಲಿ ಕೂಗ್ಲಿಕ್ಕೆ ಜಾಗ ಎಲ್ಲುಂಟು?” ಎಂದು ಆಂಟಿ ಕೇಳಿದರು. ಜಾಗ ನನಗೆ ಗೊತ್ತಿತ್ತು.

ಕೋವಿಡ್ ಬಂದ ವರ್ಷ ಟೀವಿಯಲ್ಲಿ ನಾನು ಖಾಲಿ ಸ್ಟೇಡಿಯಮ್ಮುಗಳನ್ನು ನೋಡಿದ್ದೆ: ಕುರ್ಚಿಗಳಲ್ಲಿ ರಟ್ಟಿನ ಮನುಷ್ಯರು, ಮೊದಲೇ ರೆಕಾರ್ಡ್ ಮಾಡಿದ ಗದ್ದಲ. ಮುಖಗವಸು ಕಳಚಿದ ಮೇಲಿನ ಆ ಬೇಸಿಗೆಯಲ್ಲಿ ಸಿಕ್ಕ ಸಿಕ್ಕ ಆಟಕ್ಕೆಲ್ಲ ಹೋಗುತ್ತೇನೆಂದು ಹಟ ತೊಟ್ಟಿದ್ದೆ. ಬೇಸ್‌ಬಾಲೋ ಸಾಕರೋ, ಲಾಸ್ ಏಂಜಲೀಸೋ ಸ್ಯಾನ್ ಡಿಯೇಗೊವೋ, ಯಾವುದಾದರೂ ಸರಿ. ನನಗೆ ಜನರ ಸದ್ದು ಬೇಕಿತ್ತು, ಅವರಿಗೆ ಸದ್ದು ಮಾಡುವ ಜಾಗ ಬೇಕಿತ್ತು. ಇಬ್ಬರೂ ಹೊರಟೆವು.

ಮೊದಲ ದಿನ ಲಾಸ್ ಏಂಜಲೀಸಿನ ಗುಡ್ಡದ ಮೇಲಿನ ಬೇಸ್‌ಬಾಲ್ ಮೈದಾನ. ಆಂಟಿ ಬಾಯಿ ತೆರೆದರು, ಕೂಡಲೇ ಕೈ ಅಡ್ಡ ಹಿಡಿದರು. “ಹೆಣ್ಣುಮಕ್ಕಳ ದನಿ ಅಂಗಳ ದಾಟಬಾರದು ಅಂತ ಅಮ್ಮ ಹೇಳ್ತಿದ್ರು. ಇಷ್ಟು ಜನರ ಎದುರು ಹೇಗೆ?” ಎಂದರು. ಅಂದು ಅವರು ಕಡಲೆಕಾಯಿ ಸುಲಿದು ತಿಂದದ್ದಷ್ಟೇ. ಆದರೆ ಮುಂದಿನ ವಾರ ಅವರೇ ಬೇಲಿ ಬಡಿದು, “ಹೋಗುವನಾ?” ಎಂದು ಕರೆದರು.

ಈ ಸಲ ಸಾಕರ್. ಗೋಲಿನ ಹಿಂದಿನ ಸ್ಟ್ಯಾಂಡಿನಲ್ಲಿ ಯಾರೂ ಕೂರುವುದಿಲ್ಲ. ಆಟ ಮುಗಿಯುವವರೆಗೂ ಡೋಲು, ಕುಣಿತ, ಸ್ಪ್ಯಾನಿಷ್ ಹಾಡು. ನನಗೆ ನಾಲ್ಕಾರು ಪದ ಗೊತ್ತಿತ್ತು, ಹಾಡಿನ ಅರ್ಥ ಇಬ್ಬರಿಗೂ ಗೊತ್ತಿರಲಿಲ್ಲ. ಡೋಲು ಬಾರಿಸುತ್ತಿದ್ದ ಹೆಂಗಸೊಬ್ಬಳು ಆಂಟಿಯ ತುಟಿ ಆಡುತ್ತಿದ್ದದ್ದನ್ನು ನೋಡಿ, “ಮಾಸ್ ಫ್ಯೂರ್ತೆ, ಸೆನ್ಯೋರಾ!” ಎಂದು ಕಿರುಚಿದಳು.

“ಎಂತ ಹೇಳಿದ್ದು ಅವಳು?”

“ಇನ್ನೂ ಜೋರಾಗಿ ಅಂತಿದಾರೆ ಆಂಟಿ.”

“ಅಯ್ಯೋ, ಇವಳೂ ಅದನ್ನೇ ಹೇಳುದಾ!” ಎಂದವರೇ ಕೂಗಿದರು. ಪದವಲ್ಲ, ಬರೀ ‘ಓ’. ಕೊರಳಿನ ನರ ಎದ್ದಿತು. ನನಗೆ ಅದು ಕೇಳಿಸಲಿಲ್ಲ. ಆ ಗದ್ದಲದಲ್ಲಿ ನನ್ನ ದನಿಯೇ ನನಗೆ ಕೇಳಿಸುತ್ತಿರಲಿಲ್ಲ. ಕಂಡದ್ದು ನರ ಮಾತ್ರ. ಆದರೂ ಅವರು ಕೂಗಿದರೆಂದು ಆಣೆಯಿಟ್ಟು ಹೇಳಬಲ್ಲೆ.

ಆಮೇಲಿನ ಆಟಗಳು ನನ್ನ ತಲೆಯಲ್ಲಿ ಒಂದರೊಳಗೊಂದು ಸೇರಿಹೋಗಿವೆ. ಸ್ಯಾನ್ ಡಿಯೇಗೊದಲ್ಲಿ ಹೆಂಗಸರ ಸಾಕರ್ ನೋಡಿದ್ದು ನಿಜ. ಆ ದಿನ ಬಿಸಿಲಿತ್ತೋ ಮೋಡವಿತ್ತೋ ತಿಳಿಯದು. ಬೇಸ್‌ಬಾಲ್ ಮಾತ್ರ ಒಂದು ಕಾರಣಕ್ಕೆ ನೆನಪಿದೆ. ಲಾಸ್ ಏಂಜಲೀಸಿನಲ್ಲೇ ಇರಬೇಕು, ಒಬ್ಬ ಆಟಗಾರ ಚೆಂಡು ಹೊಡೆಯದೆ ಸುಮ್ಮನೆ ನಿಂತಿದ್ದವನು ಬ್ಯಾಟು ಬಿಸಾಡಿ ಮೊದಲ ಬೇಸ್ ಎಂಬ ಓಟದ ಠಾಣೆಗೆ ಆರಾಮಾಗಿ ನಡೆದುಹೋದ. ಆಂಟಿ ನನ್ನ ತೋಳು ಹಿಡಿದು, ಇವನಿಗೆಂತಕ್ಕೆ ಬಿಟ್ಟದ್ದು, ಏನೂ ಮಾಡಲಿಲ್ಲವಲ್ಲ, ಎಂದರು. ವಿವರಿಸಿದೆ: ಎಸೆದ ಚೆಂಡು ಸರಿಯಾದ ಜಾಗಕ್ಕೆ ಬಾರದಿದ್ದರೆ ಆಸೆಪಟ್ಟು ಬ್ಯಾಟು ಬೀಸಬಾರದು, ಬಿಟ್ಟುಬಿಡಬೇಕು. ಅಂಥ ನಾಲ್ಕು ಚೆಂಡು ಬಿಟ್ಟವನಿಗೆ ಒಂದು ಬೇಸು ಪುಕ್ಕಟೆ.

“ಅಂದ್ರೆ ನಾಲ್ಕು ಸಲ ಬೇಡ ಅಂದ್ರೆ ಮುಂದೆ ಕಳಿಸ್ತಾರಾ?”

“ಹ್ಞೂ ಆಂಟಿ.”

“ಇಷ್ಟು ದಿನ ಎಂತಕ್ಕೆ ಹೇಳ್ಲಿಲ್ಲ ನೀನು?”

ಅವತ್ತಿನಿಂದ ಅವರಿಗೆ ಕೂಗಲು ಪದ ಸಿಕ್ಕಿತು. ಯಾವ ತಂಡದವನು ಬ್ಯಾಟು ಹಿಡಿದರೂ, ಎಸೆತಗಾರ ಕೈ ಎತ್ತಿದ ಕೂಡಲೇ, “ಬೇಡಾ! ಬೇಡ ಮಾರಾಯಾ, ಬೇಡಾ!” ಎನ್ನುತ್ತಿದ್ದರು. ಯಾರಾದರೂ ಸಿಕ್ಸರಿನಂಥ ಹೋಮ್ ರನ್ ಹೊಡೆದು ಇಡೀ ಸ್ಟೇಡಿಯಂ ಎದ್ದು ಕುಣಿದರೆ ಅವರಿಗೆ ಬೇಸರ. ಅದರಲ್ಲೆಂತ ಉಂಟು, ಬಂದದ್ದಕ್ಕೆಲ್ಲ ಹೊಡೆದದ್ದು, ಎನ್ನುತ್ತಿದ್ದರು. ಮುಂದಿನ ಸಾಲಿನ ಹುಡುಗರು ಒಂದಿಬ್ಬರು ಅದನ್ನು ಯಾವುದೋ ಹೊಸ ಘೋಷಣೆ ಎಂದುಕೊಂಡು ಜೊತೆಗೂಡಿದರು. ‘ಬೇ-ಡಾ, ಬೇ-ಡಾ’. ಜೇಷ್ಠಮಧುವಿನ ಕಡ್ಡಿ ಅಗಿಯುತ್ತಾ ಆಂಟಿ ಗಂಟಲು ಸರಿಮಾಡಿಕೊಂಡು ಮುಂದಿನ ಎಸೆತಕ್ಕೆ ಅಣಿಯಾಗುತ್ತಿದ್ದರು. ದನಿ ವಾರದಿಂದ ವಾರಕ್ಕೆ ಏರಿತು. ಈಗ ಅವರು ಅಡುಗೆಮನೆಯಲ್ಲಿ ಫೋನಿಗೆ ಉತ್ತರ ಕೊಟ್ಟರೆ ನನ್ನ ಮನೆಯೊಳಗೆ ಕೇಳಿಸುತ್ತಿತ್ತು.

ಬೇಸಿಗೆಯ ಕೊನೆಗೆ ಅಂಕಲ್ಲನ್ನೂ ಕರೆದುಕೊಂಡು ಸ್ಯಾನ್ ಡಿಯೇಗೊಗೆ ಹೋದೆವು. ಮಧ್ಯಾಹ್ನದ ಆಟ. ವಾಪಸು ಬರುವಾಗ ಕಾರ್ಲ್ಸ್‌ಬಾಡಿನಲ್ಲಿ ಇಳಿದು, ಮಗನ ಜೊತೆ ಆ ಚಿಕ್ಕ ಮನೆ ನೋಡಿ ಪಕ್ಕಾ ಮಾಡಿಬರುವುದೆಂದು ಅಂಕಲ್ ಮೊದಲೇ ಹೇಳಿದ್ದರು. ಗದ್ದಲಕ್ಕೆ ಕೀಂಯ್ ಎನ್ನುತ್ತದೆಂದು ಅವರು ಕಿವಿಯ ಯಂತ್ರ ತೆಗೆದು ಜೇಬಿಗೆ ಹಾಕಿದ್ದನ್ನು ನಾನು ನೋಡಿದೆ. ಮತ್ತೆ ಹಾಕಿಕೊಂಡದ್ದನ್ನು ನೋಡಿಲ್ಲ. ಹಾಗೆಂದು ಹಾಕಿಕೊಳ್ಳಲಿಲ್ಲ ಎನ್ನಲಾರೆ.

ಆಟ ಮುಗಿದು ಕಾರು ನಿಲ್ಲಿಸಿದ್ದ ಕಟ್ಟಡದ ಮೆಟ್ಟಿಲ ಬಳಿ ಬಂದಾಗ ಆಂಟಿ ನಿಂತರು.

“ಹೋಯ್, ಇಲ್ಲಿ ನೋಡಿ. ನಾನು ಕಾರ್ಲ್ಸ್‌ಬಾಡಿಗೆ ಬರುದಿಲ್ಲ. ನನಗೆ ಬೇಡ.”

ಎದುರಿಗೆ ಬರುತ್ತಿದ್ದವರು ತಿರುಗಿ ನೋಡಿದರು. ಅಷ್ಟು ಗಟ್ಟಿ.

“ಕಾರಾ? ಕಾರು ಮೂರನೇ ಮಾಳಿಗೆಯಲ್ಲುಂಟು,” ಅಂದರು ಅಂಕಲ್.

“ಕಾರಲ್ಲ ಮಾರಾಯ್ರೆ, ಕಾರ್ಲ್ಸ್‌ಬಾಡ್! ಬೇಡ!”

“ಕಾರು ಬೇಡ್ವಾ? ಮತ್ತೆ ಎಂತ, ಟ್ರೈನಲ್ಲಿ ಹೋಗುದಾ?”

ನಾನು ನಕ್ಕುಬಿಟ್ಟೆ. ಆಂಟಿ ನಗಲಿಲ್ಲ. ಕಂಬಿ ಹಿಡಿದುಕೊಂಡು, ಗಂಡನ ಮುಖವನ್ನೇ ನೋಡುತ್ತಾ ಮತ್ತೆ ಹೇಳಿದರು. ಮತ್ತೆ. ನಾಲ್ಕು ಸಲ ಎಂದು ಇಲ್ಲಿ ಬರೆದರೆ ಚೆಂದವಾಗುತ್ತದೆ. ಅಷ್ಟು ಚೆಂದವಾಗುತ್ತದೆ ಎಂಬ ಕಾರಣಕ್ಕೇ ನನಗೆ ಅನುಮಾನ. ಮೂರಿರಬಹುದು, ಆರಿರಬಹುದು. ಕೊನೆಗೆ ಅಂಕಲ್ ಕಣ್ಣು ಕೆಳಗೆ ಮಾಡಿ ಮೆಟ್ಟಿಲು ಹತ್ತತೊಡಗಿದರು.

ಕಾರು ನಾನು ಓಡಿಸುತ್ತಿದ್ದೆ. ಅಂಕಲ್ ಮುಂದೆ, ಆಂಟಿ ಹಿಂದೆ. ಸೊರೆಂಟೊ ವ್ಯಾಲಿಯ ಟ್ರಾಫಿಕ್ಕಿನಲ್ಲಿ ಬಹಳ ಹೊತ್ತು ನಿಂತೆವು. ಎಡಕ್ಕೆ ಸಮುದ್ರ, ಕಣ್ಣಿಗೆ ಚುಚ್ಚುವ ಬಿಸಿಲು. ಕಾರ್ಲ್ಸ್‌ಬಾಡಿನ ಬೋರ್ಡು ಕಂಡಾಗ ಹೆದ್ದಾರಿ ಬಿಡಲು ಬಲಕ್ಕೆ ಇಂಡಿಕೇಟರ್ ಹಾಕಿ, ಮಾಮೂಲು ದನಿಯಲ್ಲಿ, “ಇಳೀಲಾ ಅಂಕಲ್?” ಎಂದೆ.

“ಸೀದಾ ಹೋಗು,” ಅಂದರು.

ನಾನು ಹೇಳಿದ್ದು ಅವರಿಗೆ ಕೇಳಿಸಿತೋ, ಮಿಣುಕುವ ಇಂಡಿಕೇಟರ್ ಕಂಡಿತೋ. ಕನ್ನಡಿಯಲ್ಲಿ ನೋಡಿದೆ. ಆಂಟಿ ಕಿಟಕಿಗೆ ತಲೆಯಾನಿಸಿದ್ದರು. ಕಣ್ಣು ಮುಚ್ಚಿತ್ತು ಎಂದು ಒಂದು ನೆನಪು ಹೇಳುತ್ತದೆ. ಮುಚ್ಚಿರಲಿಲ್ಲ ಎಂದು ಇನ್ನೊಂದು.

ಮನೆ ಮಾರಲಿಲ್ಲ. ಬ್ಯಾಂಕಿನ ಬಡ್ಡಿ ಏರಿತು, ಈಗ ಮಾರುವುದು ಜಾಣತನವಲ್ಲ ಎಂದು ಅಂಕಲ್ ಎಲ್ಲರಿಗೂ ಹೇಳಿದರು. ಬಡ್ಡಿ ಏರಿದ್ದೂ ನಿಜವೇ. ಆಂಟಿ ಇನ್ನೂ ಒಂದು ಬೇಸಿಗೆ ನನ್ನೊಡನೆ ಆಟಗಳಿಗೆ ಬಂದರು. ಆಮೇಲೆ ಕಾಯಿಲೆ ಕಾಲಿಗಿಳಿಯಿತು, ದನಿ ಮತ್ತೆ ನೂಲಿನಷ್ಟಾಯಿತು. ಆಗಲೂ ಬೆಳಗ್ಗೆ ಹಾಸಿಗೆಯಲ್ಲಿ ಕೂತು ಕೂಗುವ ಅಭ್ಯಾಸ ಬಿಡಲಿಲ್ಲ. ಕಿಟಕಿ ತೆರೆದಿದ್ದರೆ ಉಸಿರಿನಂಥ ಒಂದು ಸದ್ದು ಬೇಲಿ ದಾಟಿ ಬರುತ್ತಿತ್ತು. ಟೊರೆನ್ಸಿನ ಆ ಮನೆಯಲ್ಲೇ ತೀರಿಕೊಂಡರು. ಎರಡು ಬೇಸಿಗೆ ಪಕ್ಕದಲ್ಲೇ ಕೂತು ಕೇಳಿದ ಆ ದನಿಯನ್ನು ಈಗ ನೆನೆಯಲು ಹೊರಟರೆ ಪದ ಬರುತ್ತದೆ, ದನಿ ಬರುವುದಿಲ್ಲ. ಒಂದೂ ರೆಕಾರ್ಡ್ ಮಾಡಿಕೊಳ್ಳಲಿಲ್ಲ.

ಅಂಕಲ್ ಈಗ ಕಾರ್ಲ್ಸ್‌ಬಾಡಿನ ಆ ಚಿಕ್ಕ ಮನೆಯಲ್ಲಿದ್ದಾರೆ. ಮೊನ್ನೆ ಕೆಲಸದ ಮೇಲೆ ಸೊರೆಂಟೊ ವ್ಯಾಲಿಗೆ ಹೋದವಳು ಅಲ್ಲಿಗೂ ಹೋದೆ. ಎರಡೂ ಕಿವಿಗೆ ಯಂತ್ರ ಹಾಕಿಕೊಂಡಿದ್ದರು. ಚಹಾ ಅವರೇ ಮಾಡಿದರು. ಆವತ್ತು ಮೆಟ್ಟಿಲ ಹತ್ತಿರ ಆಂಟಿ ಹೇಳಿದ್ದು ನಿಮಗೆ ಕೇಳಿಸಿತ್ತಾ ಎಂದು ವಿಚಾರಿಸಿದೆ. ಅವರು ಲೋಟದ ಚಹಾ ಕುಡಿದು ಮುಗಿಸಿದರು.

“ಕಾರು ಮೂರನೇ ಮಾಳಿಗೆಯಲ್ಲಿತ್ತು,” ಅಂದರು. ಎದ್ದು ಲೋಟ ತೊಳೆಯಲು ಹೋದರು.

ಅವರಿಗೆ ಕೇಳಿಸಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಆಂಟಿಗೆ ಗೊತ್ತಾಗಿತ್ತೇ ಎಂಬುದೂ ಗೊತ್ತಿಲ್ಲ.